ಸೋಮವಾರದ ಅವರೆಕಾಳು ಸಾರು

ಸುಧಾ, ನಿನ್ನ ಅಮ್ಮ ಸತ್ತದ್ದು ನೀನು ತಂದ ಮೀನಿನ ಸಾರಿನಿಂದಲ್ಲ. ನಾನು ಬಡಿಸಿದ ಅವರೆಕಾಳಿನಿಂದ. ಅದು ಕೆಟ್ಟಿದೆ ಎಂದು ಬಡಿಸುವಾಗಲೇ ನನಗೆ ಗೊತ್ತಿತ್ತು.

ನನ್ನ ಮನೆಯ ಪದ್ಧತಿ ನಿನಗೆ ತಿಳಿಯದ್ದಲ್ಲ. ಹಾಸ್ಟೆಲ್ ವಾರ್ಡನ್ ಆಗಿ ಕಲಿತದ್ದನ್ನು ನಿವೃತ್ತಿಯಾದ ಮೇಲೂ ಉಪ್ಪಾರಹಳ್ಳಿಯ ಮನೆಯಲ್ಲಿ ಬಿಡಲಿಲ್ಲ. ಸೋಮವಾರಕ್ಕೆ ಏನು, ಮಂಗಳವಾರಕ್ಕೆ ಏನು ಎಂಬುದು ಮೊದಲೇ ಗೊತ್ತಾಗಿರಬೇಕು. ಬೆಲೆ ಇಳಿದಾಗ ಕೊಂಡಿಡಬೇಕು, ಏರಿದಾಗ ಇಟ್ಟದ್ದನ್ನು ತಿನ್ನಬೇಕು. ಚಳಿಗಾಲದಲ್ಲಿ ಬೆಳ್ಳಾವಿ ಕಡೆಯಿಂದ ಮೂಟೆಯಲ್ಲಿ ಅವರೆಕಾಯಿ ತರಿಸುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದ ಅಕ್ಕ, ಅಂದರೆ ನಿನ್ನ ಅಮ್ಮ, ಜಗಲಿಯಲ್ಲಿ ಕೂತು ಸುಲಿದು, ನೆನೆಹಾಕಿ, ಬೆರಳು ಸುಕ್ಕಾಗುವವರೆಗೆ ಹಿದುಕಿ ಕೊಡುತ್ತಿದ್ದಳು. ನಾನು ಕವರಿಗೆ ತುಂಬಿ ಫ್ರೀಜರಿಗೆ ಸೇರಿಸುತ್ತಿದ್ದೆ. ಬೇಸಿಗೆಯಲ್ಲಿ ಹಿದುಕಿದ ಅವರೆಕಾಳಿನ ಸಾರು ಮಾಡುವ ಮನೆ ನಮ್ಮ ಬೀದಿಯಲ್ಲಿ ಅದೊಂದೇ — ಅದು ನನಗೆ ದೊಡ್ಡ ಹೆಮ್ಮೆಯಾಗಿತ್ತು.

ಆ ಬೇಸಿಗೆಯಲ್ಲಿ ನಾವಿಬ್ಬರೂ ಮದುವೆಗೆಂದು ಗುಬ್ಬಿಗೆ ಹೋಗಿ ಶನಿವಾರ ವಾಪಸ್ಸು ಬಂದೆವು. ಟ್ರಾನ್ಸ್‌ಫಾರ್ಮರ್ ಸುಟ್ಟು ಹಿಂದಿನ ದಿನವೆಲ್ಲ ಕರೆಂಟಿರಲಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಫ್ರಿಜ್ಜಿನ ಕೆಳಗೆ ನೀರು ನಿಂತಿತ್ತು. ಕಾಳು ಕರಗಿ, ಮತ್ತೆ ಹೆಪ್ಪುಗಟ್ಟಿ, ಒಂದೇ ಗಡ್ಡೆಯಾಗಿತ್ತು. ಅಷ್ಟನ್ನೂ ಅಂದೇ ಎಸೆಯಬೇಕಿತ್ತು. ಎಸೆಯಲಿಲ್ಲ.

ಭಾನುವಾರ ಸಂಜೆ ನೀನು ಕುಣಿಗಲ್‌ನಿಂದ ಕೆರೆ ಮೀನಿನ ಸಾರು ತಂದುಕೊಟ್ಟು ಅದೇ ಬಸ್ಸಿಗೆ ಹಿಂತಿರುಗಿದೆ. ನೀನು ಹೋದ ಮೇಲೆ ನಾವಿಬ್ಬರೂ ಅದನ್ನೇ ಉಂಡೆವು. ನಾನೂ ಎರಡು ತುಂಡು ಹಾಕಿಸಿಕೊಂಡೆ. ತುಂಬ ಚೆನ್ನಾಗಿತ್ತು ಸುಧಾ. ಇಬ್ಬರಿಗೂ ಏನೂ ಆಗಲಿಲ್ಲ.

ಸೋಮವಾರಕ್ಕೆ ಅವರೆಕಾಳು ಎಂದು ನಿಗದಿಯಾಗಿತ್ತು. ಬಿಸಿನೀರಿಗೆ ಹಾಕಿದಾಗ ಕಾಳು ಲೋಳೆ ಲೋಳೆ. ಉಪ್ಪು, ಅರಿಶಿನ ಹಾಕಿ ತೊಳೆದೆ, ವಾಸನೆ ಹೋಗಲಿಲ್ಲ. ಬೆಳ್ಳುಳ್ಳಿ, ಚಕ್ಕೆ, ಲವಂಗ ಹೆಚ್ಚಿಗೆ ಅರೆದು ಸಾರು ಕುದಿಸಿದೆ. ಅಂಗೈಗೆ ಒಂದು ಹನಿ ಹಾಕಿಕೊಂಡು ರುಚಿ ನೋಡಿ — ಸಿಂಕಿಗೆ ಉಗುಳಿ ಬಾಯಿ ತೊಳೆದುಕೊಂಡೆ. ಸೋಮವಾರ ನನಗೆ ಒಪ್ಪೊತ್ತು, ಹಣ್ಣು ತಿಂದರೆ ಮುಗಿಯಿತು. ಉಣ್ಣಬೇಕಾದವಳು ಅಕ್ಕ ಒಬ್ಬಳೇ.

ಮುದ್ದೆ ಮುರಿದು ಒಂದು ತುತ್ತು ನುಂಗಿ ಅವಳು ತಲೆಯೆತ್ತಿದಳು. "ಯಾಕೇ ಲಲಿತಾ, ಸಾರು ಒಂಥರಾ ಹುಳಿ ಹುಳಿ ಐತೆ?"

"ಹುಣಸೆಹಣ್ಣು ಜಾಸ್ತಿ ಆಗೈತೆ. ಹಾಸ್ಟೆಲ್ ಹುಡ್ಗೀರ ಥರ ಕೊಂಕು ತೆಗೀಬೇಡ, ಉಣ್ಣಕ್ಕ."

"ಆಯ್ತು ವಾರ್ಡನ್ನಮ್ಮ," ಎಂದು ನಕ್ಕಳು. ತಟ್ಟೆ ಮುಂದೆ ಚಾಚಿದಳು. "ಇನ್ನೊಂದು ಸೌಟು ಬುಡು. ಮಿಕ್ಕಿದ್ರೆ ನಿಂಗೆ ಹೊಟ್ಟೆ ಉರಿಯುತ್ತೆ."

ನಾನು ಬಡಿಸಿದೆ.

ರಾತ್ರಿಯೇ ವಾಂತಿ ಭೇದಿ ಶುರುವಾಯಿತು. ಜೀರಿಗೆ ಕಷಾಯ ಕೊಟ್ಟು ಬೆಳಗಾಗಲಿ ಎಂದು ಕಾದೆ. ಆಸ್ಪತ್ರೆಗೆ ಹೋದರೆ ಏನು ಉಂಡರು ಎಂದು ಕೇಳುತ್ತಾರೆ — ಕಾದದ್ದು ಅದಕ್ಕೇ. ಬೆಳಿಗ್ಗೆ ಆಟೋದಲ್ಲಿ ಅವಳ ತಲೆ ನನ್ನ ಭುಜದ ಮೇಲೆ ನಿಲ್ಲುತ್ತಿರಲಿಲ್ಲ. ಡಾಕ್ಟರ್ ಕೇಳಿಯೇ ಕೇಳಿದರು. ನನ್ನ ಬಾಯಿಂದ ಬಂದದ್ದು ಇಷ್ಟು: "ಮಗಳು ಕುಣಿಗಲ್‌ನಿಂದ ಮೀನು ತಂದಿದ್ಲು ಸಾರ್."

ನಿನ್ನನ್ನು ಸಿಕ್ಕಿಸಬೇಕೆಂದು ಯೋಚಿಸಿ ಆಡಿದ ಮಾತೋ, ಬಾಯಿಗೆ ಮೊದಲು ಬಂದದ್ದೋ — ಎಷ್ಟು ಕೆದಕಿದರೂ ನನಗೆ ಸ್ಪಷ್ಟವಾಗುವುದಿಲ್ಲ. ಆದರೆ ಎರಡನೆಯ ಸುಳ್ಳು ಯೋಚಿಸಿಯೇ ಹೇಳಿದ್ದು. ಅಕ್ಕ ಹೋದ ದಿನ ನೀನು ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದೆ: "ಅವತ್ತು ಬೆಳಿಗ್ಗೆ ಹಿಡ್ದಿದ್ ಮೀನು ಕಣ್ ಚಿಕ್ಕಮ್ಮ. ನೀನೂ ತಿಂದ್ಯಲ್ಲ? ನಿಂಗೇನೂ ಆಗ್ಲಿಲ್ವಾ?"

"ನಾನು ತಿನ್ಲಿಲ್ಲ ಕಣೇ," ಎಂದೆ.

ನಿನ್ನ ಕೈ ಸಡಿಲವಾಯಿತು.

ಗುಬ್ಬಿಯ ನಿನ್ನ ದೊಡ್ಡಪ್ಪ ಎಲ್ಲರೆದುರು, "ಹೆತ್ತೋಳಿಗೆ ಕೊಳೆತ ಮೀನು ತಿನ್ಸಿ ಸಾಯ್ಸಿದ್ಲು," ಎಂದಾಗ ನಾನು ಬಂದವರಿಗೆ ಕಾಫಿ ಬಗ್ಗಿಸುತ್ತಿದ್ದೆ. ಲೋಟ ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ಅದಕ್ಕೂ ಮೊದಲು, ನೆಂಟರು ಬರುವಷ್ಟರಲ್ಲಿ, ಫ್ರೀಜರಿನಲ್ಲಿದ್ದ ಕಾಳನ್ನೆಲ್ಲ ಕಸದ ಗಾಡಿಗೆ ಹಾಕಿ ಮುಗಿಸಿದ್ದೆ. ಎಸೆಯಲು ಆಗುವುದಿಲ್ಲ ಎಂದುಕೊಂಡದ್ದನ್ನು ಅರೆಗಳಿಗೆಯಲ್ಲಿ ಎಸೆದಿದ್ದೆ.

ಅವಳ ವಯಸ್ಸು, ಸಕ್ಕರೆ ಕಾಯಿಲೆ, ಆ ಬಿಸಿಲು — ಕಾರಣಗಳನ್ನು ಬೇಕಾದಷ್ಟು ಕೂಡಿಸಿದ್ದೇನೆ. ಯಾವುದೂ ಸಿಂಕಿಗೆ ಉಗುಳಿದ ಆ ಒಂದು ಹನಿಯನ್ನು ಮರೆಸುವುದಿಲ್ಲ.

ಈಗ ಬರೆಯುತ್ತಿರುವುದಕ್ಕೆ ಕಾರಣ ನೀನೇ. ಹೋದ ತಿಂಗಳು ನಿನ್ನ ಮಗಳ ಬಾಣಂತನ ನೋಡಲು ನಾನು ಕುಣಿಗಲ್‌ಗೆ ಬಂದಾಗ ನೀನು ಅಡುಗೆಗೆ ಯಾರೋ ಹೆಂಗಸನ್ನು ಇಟ್ಟಿದ್ದೆ. ಯಾಕೆ ಎಂದು ನಾನು ಕೇಳಿದ್ದಕ್ಕೆ ನೀನು, "ನನ್ ಕೈ ಅಡುಗೆ ಬಾಣಂತಿಗೆ ಬ್ಯಾಡ ಚಿಕ್ಕಮ್ಮ, ಭಯ ಆಗುತ್ತೆ," ಎಂದೆ. ನಿನ್ನ ಮಗಳು ತೊಟ್ಟಿಲ ಪಕ್ಕದಿಂದ, "ನಂಗೆ ಅಮ್ಮನ ಕೈದೇ ಬೇಕು ಅಂದ್ರೂ ಕೇಳಲ್ಲ ಚಿಕ್ಕಜ್ಜಿ, ನೀವಾದ್ರೂ ಹೇಳಿ," ಎಂದಳು. ನಾನು ಅಲ್ಲಿ ಕೂತು ಆ ಅಡುಗೆಯ ಹೆಂಗಸು ಕೊಟ್ಟ ಕಾಫಿ ಕುಡಿದು ಬಂದೆ.

ಹಿರಿಯರ ಹಬ್ಬಕ್ಕೆ ಎಲ್ಲರೂ ಗುಬ್ಬಿಯಲ್ಲಿ ಸೇರುತ್ತೀರಿ. ಸತ್ತವರಿಗೆ ಇಷ್ಟವಾದದ್ದನ್ನೇ ಎಡೆ ಇಡುವ ಮನೆಯಲ್ಲಿ, ಅವಳು ಹೋದಾಗಿನಿಂದ ಅಕ್ಕನ ಎಲೆಗೆ ಮೀನು ಬಿದ್ದಿಲ್ಲ. ಈ ಸಲ ನಾನು ಬರುತ್ತೇನೆ. ಎಡೆ ಇಡುವ ಮೊದಲು, ನಿನ್ನ ದೊಡ್ಡಪ್ಪನ ಎದುರಿಗೇ, ಇದಿಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಆ ಹೊತ್ತಿಗೆ ನಿನಗೆ ಮೊದಲೇ ತಿಳಿದಿರಲಿ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ.

ಮೀನು ನೀನೇ ಮಾಡು. ಪಂಕ್ತಿಯಲ್ಲಿ ನನಗೆ ಎಲೆ ಹಾಕಬೇಡ.