ಗಂಟಲಮಾರಿಯ ವಾರ್ಡಿಗೆ ಹೊಲಿದ ಬಾಯಿಪಟ್ಟಿಗಳು

ಎಂಬತ್ತರ ದಶಕದ ಆರಂಭದ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿ ನಾನು ಗುಬ್ಬಿಯಲ್ಲಿ ಹೆಂಗಸರ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೆ. ಆ ಚಳಿಗಾಲದಲ್ಲಿ ಸುತ್ತಿನ ಊರುಗಳ ಮಕ್ಕಳಿಗೆ ಗಂಟಲಮಾರಿ ಬಂತು. ಗಂಟಲೊಳಗೆ ಬಿಳಿ ಪೊರೆ ಕಟ್ಟಿ ಉಸಿರು ಸಿಕ್ಕಿಕೊಳ್ಳುವ, ಒಬ್ಬರ ಉಸಿರಿನಿಂದ ಇನ್ನೊಬ್ಬರಿಗೆ ಅಂಟುವ ಕಾಯಿಲೆ ಅದು. ಅಂಥ ಮಕ್ಕಳಿಗೆಂದೇ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಬೇರೆ ವಾರ್ಡು ಮಾಡಿದ್ದರು.

ಅಲ್ಲಿನ ನರ್ಸೊಬ್ಬರು ನಮ್ಮ ಹೊಲಿಗೆ ಟೀಚರಿಗೆ ನೆಂಟರು. ಒಂದು ಭಾನುವಾರ ಬಂದವರು, ಮಕ್ಕಳ ಜೊತೆಗಿರುವ ತಾಯಂದಿರು ಸೆರಗನ್ನೇ ಮೂಗಿಗೆ ಒತ್ತಿಕೊಂಡು ಕೂರುತ್ತಾರೆ, ಬಾಯಿಪಟ್ಟಿ ಸಾಲುತ್ತಿಲ್ಲ, ನಿಮ್ಮ ಹುಡುಗಿಯರು ಹೊಲಿದುಕೊಡುತ್ತಾರಾ ಎಂದು ಕೇಳಿದರು. ಟೀಚರು ಮಾರನೆಯ ದಿನವೇ ರವಿಕೆಯ ಪಾಠ ನಿಲ್ಲಿಸಿದರು. ನಾವು ಮನೆಮನೆಗೆ ಹೋಗಿ ಹಳೇ ಪಂಚೆ ಕೇಳಿದೆವು. ಹಿಂದಿನ ಬೀದಿಯ ಅಜ್ಜಿಯೊಬ್ಬರು ತೀರಿಹೋದ ಯಜಮಾನರ ಪಂಚೆಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದುಕೊಟ್ಟರು. ಉಟ್ಟುಟ್ಟು ಮೆತ್ತಗಾಗಿವೆ, ಉಸಿರಾಡಲು ಕಷ್ಟವಾಗದು ಎಂದರು.

ಪಂಚೆಗಳನ್ನು ಹಂಡೆಯಲ್ಲಿ ಕುದಿಸಿ, ಒಣಗಿಸಿ, ನಾಲ್ಕು ಮಡಿಕೆ ಮಾಡಿ ಹೊಲಿದು, ಮೂಲೆಗೊಂದು ಲಾಡಿ ಇಟ್ಟೆವು. ಒಂದು ಕಾಸನ್ನೂ ಯಾರೂ ಕೇಳಲಿಲ್ಲ. ಮೆಷಿನ್ ತುಳಿದು ತುಳಿದು ಮೊಣಕಾಲು ನೋಯುತ್ತಿತ್ತು. ಆದರೂ ಫೇಲಾದವಳೆಂಬ ಸಂಕಟ ಆ ದಿನಗಳಲ್ಲಿ ನನ್ನ ಹತ್ತಿರ ಸುಳಿಯಲಿಲ್ಲ.

ಬಾಯಿಪಟ್ಟಿಗಳ ಮೊದಲ ಗಂಟು ವಾರ್ಡಿಗೆ ಹೋಗಿ, ಎರಡನೆಯದು ಸಿದ್ಧವಾದ ದಿನ ಅಕ್ಕನ ಊರು ಕಡಬದಿಂದ ಭಾವ ಬಂದರು. ಅಕ್ಕನ ಐದು ವರ್ಷದ ಮಗಳು ಅದೇ ವಾರ್ಡಿನಲ್ಲಿದ್ದಳು. ಬರೀ ಗಂಟಲುನೋವೆಂದುಕೊಂಡು ಮೂರು ದಿನ ಮನೆಯಲ್ಲೇ ಸುಣ್ಣ, ಅರಿಶಿನ ಹಚ್ಚಿದ್ದರಂತೆ. ಗಂಟನ್ನು ಮಡಿಲಲ್ಲಿಟ್ಟುಕೊಂಡು ಭಾವನ ಜೊತೆ ಬಸ್ಸು ಹತ್ತಿದೆ.

ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ನನಗೂ ಒಂದು ಬಾಯಿಪಟ್ಟಿ ಕಟ್ಟಿ ಒಳಗೆ ಬಿಟ್ಟರು. ಅಲ್ಲಿದ್ದ ತಾಯಂದಿರೆಲ್ಲ ನಾವು ಹೊಲಿದಿದ್ದನ್ನೇ ಕಟ್ಟಿಕೊಂಡಿದ್ದರು. ಕಣ್ಣು ಮಾತ್ರ ಕಾಣುವ ಅಷ್ಟು ಹೆಂಗಸರಲ್ಲಿ ಅಕ್ಕ ಯಾರೆಂದು ನನಗೇ ಒಂದು ಗಳಿಗೆ ತಿಳಿಯಲಿಲ್ಲ. ಮಗುವಿನ ಕತ್ತು ಊದಿತ್ತು. ಉಸಿರೆಳೆದಾಗಲೆಲ್ಲ ಗೊರಗೊರ ಸದ್ದು. ಇಂಜೆಕ್ಷನ್ ಕೊಟ್ಟಾಗಿದೆ, ಕರೆತಂದಿದ್ದು ತಡವಾಯಿತು ಎಂದು ನರ್ಸಮ್ಮ ನನ್ನ ಕಿವಿಯಲ್ಲಿ ಹೇಳಿದರು.

ಮಗು ಅಕ್ಕನ ಕೈ ತಳ್ಳುತ್ತಿತ್ತು. ದನಿಯೇ ಇಲ್ಲದ ಗಂಟಲಲ್ಲಿ, "ಅಮ್ಮ ಎಲ್ಲಿ?" ಎಂದಿತು.

"ನಾನೇ ಕಣವ್ವ. ಇಲ್ಲೇ ಇದೀನಲ್ಲ."

"ಮಕ ತೋರ್ಸು."

ಅಕ್ಕನ ಕೈ ಕತ್ತಿನ ಹಿಂದಿನ ಲಾಡಿಗೆ ಹೋಯಿತು. ಊರಲ್ಲಿ ಅತ್ತೆಯ ಬಳಿ ಬಿಟ್ಟುಬಂದಿದ್ದ ಅವಳ ಕೂಸಿಗೆ ಇನ್ನೂ ಮೊಲೆಹಾಲು ಬಿಡಿಸಿರಲಿಲ್ಲ. ನನಗೆ ನೆನಪಾದದ್ದು ಅದೊಂದೇ.

"ಬಿಚ್ಬೇಡ ಕಣಕ್ಕ. ಮನೇಲಿ ಕೂಸೈತೆ," ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಕೈ ಇಳಿಸಿದಳು. ಮಗುವಿನ ಹಣೆ ಸವರುತ್ತಾ, ನಾನೇ ಕಣವ್ವ, ನಾನೇ ಎಂದು ಹೇಳುತ್ತಲೇ ಇದ್ದಳು. ಮಗು ನಂಬಿತೋ ಇಲ್ಲವೋ, ಸ್ವಲ್ಪ ಹೊತ್ತಿಗೆ ಗೋಡೆಯ ಕಡೆ ಮುಖ ತಿರುಗಿಸಿತು. ಗಂಟನ್ನು ಎಲ್ಲಿ ಇಡಬೇಕೆಂದೂ ತೋಚದೆ ನಾನು ಅದನ್ನು ಎದೆಗವಚಿಕೊಂಡು ನಿಂತೇ ಇದ್ದೆ.

ಮಾರನೆಯ ದಿನ ಬೆಳಗ್ಗೆ ಮಗು ಹೋಯಿತು. ಬೀದಿಯೊಳಗೆ ತರಬೇಡಿ ಎಂದು ಊರಿನವರು ಹೇಳಿಕಳಿಸಿದರು. ಕೆರೆಯ ಏರಿಯ ಮೇಲೆ ಹಾದುಹೋಗಿ, ತೋಟದ ಅಂಚಿನಲ್ಲಿ ಮಣ್ಣು ಮಾಡಿದರು.

ಕೂಸಿಗೆ ಏನೂ ಆಗಲಿಲ್ಲ. ನಾನು ತಡೆದದ್ದರಿಂದ ಅದು ಉಳಿಯಿತೋ, ತಡೆಯದಿದ್ದರೂ ಉಳಿಯುತ್ತಿತ್ತೋ, ಯಾರನ್ನು ಕೇಳಲಿ? ನಾಲ್ಕೈದು ವರ್ಷವಾದ ಮೇಲೆ, ಅಕ್ಕನ ಹಿತ್ತಿಲಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದಾಗ, ಧೈರ್ಯ ಮಾಡಿ ಅವಳನ್ನೇ ಕೇಳಿದೆ. ಅಂದು ನಾನು ತಪ್ಪು ಮಾಡಿದೆನಾ ಎಂದೆ.

ಅವಳು ಮಡಿಲಲ್ಲಿದ್ದ ಸಿಪ್ಪೆಯನ್ನು ಕೊಡವಿದಳು.

"ನೀನ್ ಹೇಳಿದ್ದು ಸರೀನೇ ಕಣೇ. ಆದ್ರೂ ಒಂದ್ಸಲ ಮಕ ತೋರುಸ್ಬೇಕಿತ್ತು."