ವಿಮಾನಕ್ಕೆ ಮದುವೆ ಮನೆಯ ವೈರಿಂಗ್

ವೈರು ಉದ್ದ ಮಾಡುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಬನಶಂಕರಿಯಲ್ಲಿ ನಮ್ಮದು ಶಾಮಿಯಾನ, ಲೈಟಿಂಗ್ ವ್ಯವಹಾರ, ಅಪ್ಪನ ಕಾಲದಿಂದಲೂ. ಜನರೇಟರನ್ನು ಮದುವೆ ಮನೆ ಮುಂದೆಯೇ ನಿಲ್ಲಿಸಿದರೆ ಪುರೋಹಿತರ ಬಾಯಿ ಆಡುವುದು ಕಾಣುತ್ತದೆಯೇ ಹೊರತು ಮಂತ್ರ ಕೇಳಿಸುವುದಿಲ್ಲ. ಅದಕ್ಕೇ ಅದನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿ, ಮರದಿಂದ ಮರಕ್ಕೆ, ಯಾರದೋ ಬಾಲ್ಕನಿ ಕಂಬಿಯ ಮೇಲೆ ಹಾಯಿಸಿ ವೈರು ಎಳೆಯುವುದು ನಮ್ಮ ಪದ್ಧತಿ. ಕರೆಂಟು ಹುಟ್ಟುವುದು ದೂರ ಇರಲಿ, ವೈರು ಎಷ್ಟು ಉದ್ದವಾದರೂ ಆಗಲಿ. ಇಷ್ಟೇ ಜ್ಞಾನ ಇಟ್ಟುಕೊಂಡು ನಾನು ವಿಮಾನಕ್ಕೂ ಕೈ ಹಾಕಿದೆ.

ವಿಮಾನ ನನ್ನದಲ್ಲ, ಹೆಂಡತಿಯದು. ಆಕೆಗೆ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸ. ಹಗುರವಾದ ಬಾಲ್ಸಾ ಮರದ ಪಟ್ಟಿಗಳನ್ನು ತಂದು, ಬ್ಲೇಡಿನಲ್ಲಿ ಕೊಯ್ದು, ಅಂಟಿಸಿ, ಮಳೆಗಾಲವಿಡೀ ನಮ್ಮ ಊಟದ ಟೇಬಲ್ ಆಕ್ರಮಿಸಿಕೊಂಡು ಅದನ್ನು ಕಟ್ಟಿದ್ದಳು. ನಾವು ನೆಲದ ಮೇಲೆ ಕೂತು ಉಂಡೆವು. ಬ್ಯಾಟರಿಯಿಂದ ಓಡುವ ಪುಟ್ಟ ವಿಮಾನಗಳು ಬೆಂಗಳೂರಿಗೆ ಆಗಷ್ಟೇ ಬರುತ್ತಿದ್ದ ಕಾಲ. ಅಂಜನಾಪುರದ ಲೇಔಟಿನಲ್ಲಿ ರಸ್ತೆಗಳಿದ್ದವು, ಮನೆಗಳಿರಲಿಲ್ಲ. ಭಾನುವಾರ ಬೆಳಿಗ್ಗೆ ಒಂದಷ್ಟು ಗಂಡಸರು ಅಲ್ಲಿ ಸೇರಿ ಆ ಖಾಲಿ ರಸ್ತೆಗಳಿಂದ ವಿಮಾನ ಹಾರಿಸುತ್ತಿದ್ದರು.

ಅವರಿಗೆಲ್ಲ ಹಿರಿಯರು ಟೋಪಿ ಹಾಕಿಕೊಂಡು ಬರುತ್ತಿದ್ದ ಒಬ್ಬ ರಿಟೈರ್ಡ್ ಅಂಕಲ್. ನನ್ನ ಹೆಂಡತಿ ಹೋದಾಗಲೆಲ್ಲ ಅವರದು ಒಂದೇ ಮಾತು: "ಮೇಡಂ, ನೀವು ಬಾಲ ಹಿಡ್ಕೊಳ್ಳಿ ಸಾಕು." ಮೋಟಾರ್ ಜೋರು ಮಾಡುವಾಗ ವಿಮಾನ ಮುಂದಕ್ಕೆ ಜಾರದಂತೆ ಯಾರಾದರೂ ಬಾಲ ಹಿಡಿಯಬೇಕಲ್ಲ, ಆ ಯಾರಾದರೂ ಎಂದರೆ ಇವಳು. ತಿಂಗಳುಗಟ್ಟಲೆ ಹಿಡಿದಳು. ಕೊನೆಗೆ ರೋಸಿಹೋಗಿ, ನಾನೂ ಹಾರಿಸುತ್ತೇನೆ ಎಂದಳು. "ಸ್ವಂತ ವಿಮಾನ ತನ್ನಿ. ಮುರೀದೆ ಇಳಿಸಿ ತೋರಿಸಿ. ಆಮೇಲೆ ನಿಮಗೂ ಪಾಳಿ," ಎಂದರು ಅಂಕಲ್. ಆ ಟೇಬಲ್ ಆಕ್ರಮಣ ಶುರುವಾದದ್ದು ಅವತ್ತೇ.

ಕಟ್ಟಿ ಮುಗಿದ ಮೇಲೆ ನೋಡಿದರೆ ಮೂತಿ ಭಾರ. ಬ್ಯಾಟರಿಯನ್ನು ರೆಕ್ಕೆಯ ಹಿಂದಕ್ಕೆ ಸರಿಸಬೇಕು, ಅಂದರೆ ವೈರು ಉದ್ದವಾಗಬೇಕು. ನಾನು ಕಾಲರ್ ಸರಿಮಾಡಿಕೊಂಡೆ.

ಬ್ಯಾಟರಿಗೂ ಮೋಟಾರಿಗೂ ನಡುವೆ ಒಂದು ಪುಟ್ಟ ಸ್ಪೀಡ್ ಕಂಟ್ರೋಲರ್ ಇರುತ್ತದೆ. ಬ್ಯಾಟರಿಯಿಂದ ಅದಕ್ಕೆ ಎರಡು ವೈರು, ಅದರಿಂದ ಮೋಟಾರಿಗೆ ಮೂರು. "ರೀ, ಕಂಟ್ರೋಲರ್‌ನ ಬ್ಯಾಟರಿ ಪಕ್ಕದಲ್ಲೇ ಇಡಿ. ಮೋಟಾರ್ ಕಡೆ ಮೂರು ವೈರನ್ನ ಉದ್ದ ಮಾಡಿ. ಬ್ಯಾಟರಿ ಕಡೆ ಮುಟ್ಟಬೇಡಿ," ಎಂದು ಹೇಳಿ ಅವಳು ಕಾಲೇಜಿಗೆ ಹೋದಳು.

ಎರಡು ವೈರಲ್ಲಿ ಆಗುವ ಕೆಲಸಕ್ಕೆ ಯಾವ ದಡ್ಡ ಮೂರು ವೈರು ಬೆಸೆಯುತ್ತಾನೆ? ಇಡೀ ಛತ್ರ ಜಗಮಗಿಸುವಂತೆ ಮಾಡಿದ ಕೈ ಇದು! ಕಂಟ್ರೋಲರನ್ನು ಮೂತಿಯಲ್ಲಿ ಮೋಟಾರಿನ ಪಕ್ಕದಲ್ಲೇ ಬಿಟ್ಟು, ಬ್ಯಾಟರಿ ಕಡೆಯ ಕೆಂಪು, ಕಪ್ಪು ವೈರುಗಳನ್ನು ಮೊಳದುದ್ದ ಬೆಳೆಸಿದೆ. ಬೆಸುಗೆ ಎಷ್ಟು ಚೆನ್ನಾಗಿ ಬಂತೆಂದರೆ, ನನಗೇ ದೃಷ್ಟಿ ತೆಗೆಯಬೇಕೆನಿಸಿತು. ಮೇಲೆ ಬಣ್ಣದ ಹಾಳೆ ಅಂಟಿಸಿ ಮುಚ್ಚಿಯೂ ಬಿಟ್ಟೆ. ಸಂಜೆ ಅವಳು, "ಮೂರೂ ಆಯ್ತಾ?" ಎಂದು ಕೇಳಿದಳು. "ಎಲ್ಲಾ ಆಯ್ತು," ಎಂದೆ. ರಿಮೋಟಿನ ಅಪ್ಪಣೆ ಕೇಳಿ ರೆಕ್ಕೆ, ಬಾಲ ಆಡಿಸುವ ರಿಸೀವರಿಗೆಂದು ಅವಳು ಬೇರೆಯೇ ಒಂದು ಚಿಕ್ಕ ಬ್ಯಾಟರಿ ಕೂರಿಸುತ್ತಿದ್ದಳು. ದಂಡ ಭಾರ ಎಂದು ಅದಕ್ಕೂ ನಗಾಡಿದೆ.

ಭಾನುವಾರ ವಿಮಾನ ಎದ್ದಿತು. ಅಬ್ಬಾ, ಏನು ಚೆಂದ! ಅಂಕಲ್ ಟೋಪಿ ತೆಗೆದು ಮೇಲೆ ನೋಡಿದರು. ನಾನು ಪಕ್ಕದವನಿಗೆ, "ವೈರಿಂಗ್ ಎಲ್ಲಾ ನಂದೇ," ಎಂದೆ. ಹೇಳಿ ಬಾಯಿ ಮುಚ್ಚಿರಲಿಲ್ಲ, ಮೂತಿಯಿಂದ ಒಂದೆಳೆ ಹೊಗೆ ಬಂತು. ಮೋಟಾರ್ ನಿಂತುಹೋಯಿತು.

ಹೆಂಡತಿಯ ಕಡೆ ನೋಡಿದೆ. ಅವಳ ಹೆಬ್ಬೆರಳು ಬಿಟ್ಟರೆ ಬೇರೇನೂ ಅಲುಗುತ್ತಿರಲಿಲ್ಲ. ರಿಸೀವರಿಗೆ ಬೇರೆ ಬ್ಯಾಟರಿ ಇದ್ದುದರಿಂದ ರೆಕ್ಕೆ, ಬಾಲ ಇನ್ನೂ ಅವಳ ಮಾತು ಕೇಳುತ್ತಿದ್ದವು. ಒಂದು ದೊಡ್ಡ ಸುತ್ತು ಹಾಕಿಸಿ, ಸೈಟುಗಳ ಗಡಿಕಲ್ಲುಗಳನ್ನು ದಾಟಿಸಿ, ರಸ್ತೆಯ ಮೇಲೆ ಸದ್ದಿಲ್ಲದೆ ಇಳಿಸಿದಳು. ಒಂದು ಗೀರೂ ಬೀಳಲಿಲ್ಲ.

"ಮೋಟಾರ್ ಆಫ್ ಮಾಡಿ ಇಳಿಸಿದ್ರಾ ಮೇಡಂ? ಸಖತ್!" ಎಂದರು ಅಂಕಲ್.

"ನಾನು ಮಾಡ್ಲಿಲ್ಲ ಅಂಕಲ್, ಅದೇ ಆಯ್ತು. ವೈರಿಂಗ್ ನಮ್ಮನೆಯವರದು," ಎಂದಳು.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಮದುವೆ ಮನೆಯಲ್ಲಿ ಮಾಂಗಲ್ಯಧಾರಣೆ ಹೊತ್ತಿಗೆ ಲೈಟು ಹೋದಾಗಲೂ ನನ್ನನ್ನು ಯಾರೂ ಹಾಗೆ ನೋಡಿದ್ದಿಲ್ಲ.

ಮನೆಯಲ್ಲಿ ಹಾಳೆ ಹರಿದು ನೋಡಿದಳು. ಕಂಟ್ರೋಲರ್ ಸುಟ್ಟು, ಅದರ ಕೆಪಾಸಿಟರ್ ಬೋಂಡಾದಂತೆ ಉಬ್ಬಿ ಒಡೆದಿತ್ತು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಉದ್ದ ಪೈಪಲ್ಲಿ ನೀರು ರಭಸವಾಗಿ ಬರ್ತಿರುವಾಗ ನಲ್ಲಿ ಪಟ್ ಅಂತ ಮುಚ್ಚಿದ್ರೆ ಪೈಪ್ ದಡಕ್ ಅನ್ನಲ್ವಾ? ಈ ಕಂಟ್ರೋಲರ್ ಕರೆಂಟನ್ನ ಹಂಗೆ ಮುಚ್ಚಿ ತೆಗೆದು ಮಾಡ್ತಾನೇ ಇರುತ್ತೆ. ಬ್ಯಾಟರಿ ವೈರು ಉದ್ದ ಆದಷ್ಟೂ ಏಟು ಜೋರು. ಏಟೆಲ್ಲ ಇದಕ್ಕೇ ಬೀಳೋದು," ಎಂದಳು. ಆಮೇಲೆ ಮೆಲ್ಲಗೆ, "ವಿಮಾನ ಬಿದ್ದಿದ್ರೆ ನಾನು ಅಲ್ಲಿಗೆ ಇನ್ನೊಂದ್ಸಲ ಹೋಗ್ತಿರಲಿಲ್ಲ ರೀ," ಎಂದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಹಾರಿಸಲೆಂದು ಹೊರಟಿದ್ದಳು, ನಾನು ನನ್ನ ಕೈಚಳಕ ತೋರಿಸಲು ಹೊರಟಿದ್ದೆ.

ಹೊಸ ಕಂಟ್ರೋಲರ್ ಬಂತು. ಅದನ್ನು ಬ್ಯಾಟರಿಯ ಪಕ್ಕದಲ್ಲೇ ಕೂರಿಸಿ, ಮೋಟಾರ್ ಕಡೆಯ ಮೂರು ವೈರುಗಳನ್ನು ಬೆಸೆದೆ. ಅವಳು ಎದುರಿಗೇ ಸ್ಟೂಲ್ ಹಾಕಿಕೊಂಡು ಕೂತು ನೋಡಿದಳು.

ಮುಂದಿನ ಸಲ ಅಂಜನಾಪುರಕ್ಕೆ ಹೋದಾಗ ರಿಮೋಟ್ ನನ್ನ ಕೈಯಲ್ಲಿತ್ತು. ಸುಮ್ಮನೆ ಹಿಡಿದುಕೊಂಡಿದ್ದೆ, ಅಷ್ಟೇ. ಟೋಪಿ ಅಂಕಲ್ ದೂರದಿಂದಲೇ ಕೂಗಿದರು: "ಸಾರ್, ಅದನ್ನ ಮೇಡಂಗೆ ಕೊಡಿ. ನೀವು ಬಾಲ ಹಿಡ್ಕೊಳ್ಳಿ ಸಾಕು."

ಕೊಟ್ಟೆ. ಡಾಂಬರಿನ ಮೇಲೆ ಮಂಡಿಯೂರಿ ಬಾಲ ಹಿಡಿದೆ. ಮೋಟಾರಿನ ಗಾಳಿಗೆ ಕಣ್ಣಿಗೆಲ್ಲ ಧೂಳು ತುಂಬಿತು. ಹಿಂದಿನಿಂದ ಅವಳು ನಗುವುದು ಕೇಳಿಸಿತು. ಆ ಭಾನುವಾರದಿಂದೀಚೆಗೆ ಅವಳು ನಕ್ಕದ್ದು ಅದೇ ಮೊದಲು. ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇರೋಣ ಅನ್ನಿಸಿತು.