ಬಸ್ಸಿನವರ ಮೂವತ್ತೊಂದು ಸಹಿ

ಮುಂಡರಗಿಯ ತಾಲೂಕು ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಕುಳಿತು ಅರ್ಜಿ ಬರೆಯುವ ಮಾಶಾಕನ ಬಗ್ಗೆ ಜನರಿಗೆ ಒಂದು ದೂರು ಇದೆ. ಬರೆದದ್ದನ್ನು ಎರಡು ಸಲ ಗಟ್ಟಿಯಾಗಿ ಓದಿ ಹೇಳದ ಹೊರತು ಅವನು ಯಾರ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳುವುದಿಲ್ಲ. ಬಸ್ಸಿಗೆ ಹೊತ್ತಾಯಿತು, ಈಗ ಹೆಬ್ಬೆಟ್ಟು ಒತ್ತಿ ಹೋಗುತ್ತೇನೆ, ಆಮೇಲೆ ನೀನೇ ಏನಾದರೂ ಬರೆದುಕೋ ಎಂದು ಯಾರಾದರೂ ಅಂದರೆ ಮಸಿಯ ಡಬ್ಬಿಗೆ ಮುಚ್ಚಳ ಹಾಕಿಬಿಡುತ್ತಾನೆ. ಅವನು ಒಂದು ಮುಗಿಸುವಷ್ಟರಲ್ಲಿ ಪಕ್ಕದವನು ಮೂರು ಮುಗಿಸಿ ಚಹಾ ಕುಡಿದು ಬಂದಿರುತ್ತಾನೆ. ಜನ ಇದನ್ನು ಮೊಂಡುತನ ಎನ್ನುತ್ತಾರೆ. ಮೊಂಡುತನ ಅಲ್ಲ, ಸಿಟ್ಟು. ನಾಡು ಒಂದಾಗುವುದಕ್ಕಿಂತ ಒಂದು ವರ್ಷ ಮೊದಲಿನ ಸಿಟ್ಟು ಅದು, ಇನ್ನೂ ಇಳಿದಿಲ್ಲ.

ಮಾಶಾಕ ಡೋಣಿಯ ಪಿಂಜಾರರ ಮನೆಯವನು. ತಂದೆ ಕರೀಮಸಾಬ ಹೆಗಲ ಮೇಲೆ ಬಿಲ್ಲು ಹೊತ್ತುಕೊಂಡು ಕಪ್ಪತಗುಡ್ಡದ ಸುತ್ತಿನ ಹಳ್ಳಿಗಳಲ್ಲಿ ಹತ್ತಿ ಹಿಂಜಿ ಗಾದಿ ಹೊಲಿದುಕೊಡುತ್ತಿದ್ದ. ಸ್ವಾತಂತ್ರ್ಯ ಬಂದ ದಿನ ಹನ್ನೊಂದು ವರ್ಷದ ಮಾಶಾಕ ಊರ ಕನ್ನಡ ಶಾಲೆಯಲ್ಲಿ ಬಾವುಟಕ್ಕೆ ಕೈಮುಗಿದು, ಅಂಗೈ ತುಂಬ ಸಕ್ಕರೆ ಹಿಡಿದುಕೊಂಡು ಮನೆಗೆ ಓಡಿ ಬಂದಿದ್ದ. ಅಂದೇ ಕರೀಮಸಾಬನ ತಲೆಗೆ ಒಂದು ಹಟ ಹೊಕ್ಕಿತು. ತನ್ನ ಮೈಗೆ ಕೂತ ಹತ್ತಿಯ ಧೂಳು ಮಗನ ಮೈಗೆ ಕೂರಬಾರದು, ಅವನು ಖುರ್ಚಿಯ ಮೇಲೆ ಕೂರಬೇಕು. ಮಗನೂ ಕೈಬಿಡಲಿಲ್ಲ. ಮುಂಡರಗಿಯ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಪಾಸಾಗಿ ಐವತ್ತೈದರ ಜೂನ್ ತಿಂಗಳಲ್ಲಿ ಗದಗಿನ ಕಾಲೇಜು ಸೇರಿದ.

ಗದಗಿನಲ್ಲಿ ಇರಲು ಬಾಡಿಗೆಯ ಕೋಲಿ ಹಿಡಿಯುವ ಶಕ್ತಿ ಇಲ್ಲದವರು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮುಂಡರಗಿ, ಡೋಣಿ, ನಡುವಿನ ಹಳ್ಳಿಗಳು ಎಲ್ಲ ಸೇರಿ ಮೂವತ್ತೊಂದು ಜನ. ಕಾಲೇಜಿನಲ್ಲಿ ಅವರಿಗೆ ಹೆಸರುಗಳಿದ್ದಿಲ್ಲ, 'ಬಸ್ಸಿನವರು' ಅಷ್ಟೇ. ಇದ್ದದ್ದು ಒಂದೇ ಬಸ್ಸು. ಅದು ಹತ್ತೂವರೆಗೆ ಗದಗ ಮುಟ್ಟಬೇಕು, ಮುಟ್ಟುತ್ತಿದ್ದದ್ದು ಹತ್ತು ಐವತ್ತಕ್ಕೆ. ಕಾಲೇಜು ಸುರುವಾಗುವುದು ಹತ್ತೂವರೆಗೆ. ಮೊದಲ ತಾಸಿನ ಹಾಜರಿ ದಿನಾ ಹೋಗುತ್ತಿತ್ತು. ಹಾಜರಿ ಇಷ್ಟಕ್ಕಿಂತ ಕಡಿಮೆಯಾದರೆ 'ಟರ್ಮ್' ಸಿಗುವುದಿಲ್ಲ, ಟರ್ಮ್ ಸಿಗದಿದ್ದರೆ ಪರೀಕ್ಷೆಗೆ ಕೂಡುವಂತಿಲ್ಲ, ವರ್ಷ ಹಾಳು. ಬಸ್ಸಿನವರೆಲ್ಲ ಆ ಗೆರೆಯ ಮೇಲೆಯೇ ನಡೆಯುತ್ತಿದ್ದರು. ಒಂದು ಜ್ವರ ಬಂದರೆ ಮುಗಿಯಿತು.

ಅವರೊಳಗೆ ಹೆಣ್ಣುಮಗಳು ಒಬ್ಬಳೇ, ತಾರಾಬಾಯಿ. ಮುಂಡರಗಿಯ ಶಾಲೆಯ ಹೆಡ್‌ಮಾಸ್ತರ ನರಸಿಂಹಾಚಾರ್ಯರ ಮಗಳು. ಡ್ರೈವರನ ಹಿಂದಿನ ಸೀಟಿನಲ್ಲಿ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಹೋಗುವಾಗಲೂ ಓದುತ್ತಿದ್ದಳು, ಬರುವಾಗಲೂ ಓದುತ್ತಿದ್ದಳು. ನೆಂಟರಿಷ್ಟರ ಬಾಯಿಗೆ ಬಿದ್ದರೂ ಆಚಾರ್ಯರು ಅವಳನ್ನು ಕಳಿಸುತ್ತಿದ್ದರು, ಆದರೆ ಕರಾರು ಇತ್ತು. ಸಂಜೆಯ ಬಸ್ಸಿಗೆ ಮನೆಗೆ ಬರಬೇಕು, ಗದಗಿನಲ್ಲಿ ಒಂದು ದಿನವೂ ಉಳಿಯಕೂಡದು, ಒಂದು ಟರ್ಮ್ ಹೋದರೂ ಓದು ಬಂದ್. ಈ ಕರಾರು ಬಸ್ಸಿಗೆಲ್ಲ ಗೊತ್ತಿತ್ತು.

ಇನ್ನು ಯೂನಿಯನ್ನಿನ ಸಂಗತಿ. ಆಗಿನ ಏರ್ಪಾಡು ಕೇಳಲಿಕ್ಕೆ ಬಹಳ ಚೆಂದ. ಪ್ರತಿ ವರ್ಗದ ಹುಡುಗರು ಓಟು ಹಾಕಿ ಒಬ್ಬ ಪ್ರತಿನಿಧಿಯನ್ನು ಆರಿಸುವುದು. ಆ ಆರು ಪ್ರತಿನಿಧಿಗಳು ಕೂಡಿ ತಮ್ಮೊಳಗೆ ಒಬ್ಬನನ್ನು ಆರಿಸಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಯೂನಿಯನ್ ಕೌನ್ಸಿಲ್ಲಿಗೆ ಕಳಿಸುವುದು. ಕೌನ್ಸಿಲ್ಲು ಧಾರವಾಡದಲ್ಲಿ ವರ್ಷಕ್ಕೆ ಎರಡು ಸಲ ಕೂಡುತ್ತಿತ್ತು. ಅಲ್ಲಿ ಒಪ್ಪಿಗೆಯಾದ ಅಹವಾಲನ್ನು ಪ್ರಿನ್ಸಿಪಾಲರು ತಳ್ಳಿಹಾಕುತ್ತಿರಲಿಲ್ಲ. ಮೇಲೆ ಹತ್ತಲು ಮೆಟ್ಟಿಲುಗಳನ್ನು ಕಟ್ಟಿದ್ದರು, ಹತ್ತಿದವನು ಕೆಳಗೆ ನೋಡಬೇಕೆಂಬ ನಿಯಮವನ್ನು ಮಾತ್ರ ಯಾರೂ ಬರೆದಿರಲಿಲ್ಲ.

ಬಸ್ಸಿನವರು ಲೆಕ್ಕ ಹಾಕಿದರು. ಹೆಚ್ಚಿನವರು ಮೊದಲ ವರ್ಷದ ವರ್ಗದಲ್ಲೇ ಇದ್ದರು, ಅವರ ಓಟು ಒಡೆಯದೆ ಬಿದ್ದರೆ ಆ ವರ್ಗದಿಂದ ತಮ್ಮವನೊಬ್ಬನನ್ನು ಆರಿಸಬಹುದು. ಸಿಕ್ಕವನು ಈಶಪ್ಪ. ಡೋಣಿಯವನೇ, ಮಾಶಾಕನ ಓಣಿಯವನೇ, ಅದೇ ಬಸ್ಸಿನಲ್ಲಿ ನಿಂತು ಬರುವವನು. ಮಾತು ಬಲ್ಲವನು. ಮಾಶಾಕ ಅವನ ಸಲುವಾಗಿ ಹದಿನೈದು ದಿನ ಓಡಾಡಿದ. ಪೇಟೆಯ ಹುಡುಗರ ಹತ್ತಿರ ಕೂಡ ಹೋಗಿ ಓಟು ಕೇಳಿದ. ಈಶಪ್ಪ ಆರಿಸಿ ಬಂದ ದಿನ ಬಸ್ಸಿನ ತುಂಬ ಚುರಮುರಿ ಹಂಚಿದವನೂ ಮಾಶಾಕನೇ. ಮುಂದಿನ ವಾರ ಆರು ಪ್ರತಿನಿಧಿಗಳು ಕೂಡಿ ಈಶಪ್ಪನನ್ನೇ ಕೌನ್ಸಿಲ್ಲಿಗೆ ಆರಿಸಿದರು ಎಂಬ ಸುದ್ದಿ ಬಂದಾಗ ಎಲ್ಲರೂ ಬೆರಗಾದರು. ಉಳಿದ ಐವರೂ ಗದಗಿನ ಪೇಟೆಯವರು, ಅವರು ಯಾಕೆ ಬಸ್ಸಿನವನಿಗೆ ಓಟು ಹಾಕಿದರು ಎಂದು ಯಾರೂ ಕೇಳಲಿಲ್ಲ. ಖುಷಿಯಲ್ಲಿ ಇದ್ದವರಿಗೆ ಅಂಥ ಪ್ರಶ್ನೆ ಹೊಳೆಯುವುದೂ ಇಲ್ಲ.

ಅಕ್ಟೋಬರಿನಲ್ಲಿ ಕೌನ್ಸಿಲ್ಲು ಕೂಡುವ ಮೊದಲು ಈಶಪ್ಪ ಮಾಶಾಕನ ಕೈಗೆ ದೊಡ್ಡ ಹಾಳೆಯೊಂದನ್ನು ಕೊಟ್ಟ. ಕಾಲೇಜು ಅರ್ಧ ತಾಸು ತಡವಾಗಿ ಸುರುವಾಗಬೇಕು, ಇಲ್ಲವಾದರೆ ಬಸ್ಸಿನವರ ಮೊದಲ ತಾಸಿನ ಹಾಜರಿ ಕಡಿಯಬಾರದು, ಇಷ್ಟು ಅರ್ಜಿಯಲ್ಲಿ ಇರುತ್ತದೆ ಎಂದ. ಹಾಳೆಯ ಮೇಲರ್ಧ ಖಾಲಿ ಇತ್ತು.

"ಸಹಿ ಮಾಡಿಸಿ ಕೊಡು," ಎಂದ ಈಶಪ್ಪ. "ಮ್ಯಾಲಿಂದು ಧಾರವಾಡದಾಗ ಬರಸ್ತೀನಿ. ಇಂಗ್ಲೀಷ್ ಗಟ್ಟಿ ಇರಬೇಕಲಾ, ಅಲ್ಲಿ ಒಬ್ಬರು ಮಾಸ್ತರ ಅದಾರ."

ಮಾಶಾಕನಿಗೆ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ಡೋಣಿಯಲ್ಲಿ ಹಾಗೇ ನಡೆದುಬಂದಿತ್ತು. ಬಾವಿಗೆ ಅರ್ಜಿ ಇರಲಿ, ರಸ್ತೆಗೆ ಇರಲಿ, ಊರವರೆಲ್ಲ ಕುಲಕರ್ಣಿಯರ ಕಟ್ಟೆಗೆ ಹೋಗಿ ಮೊದಲು ಹೆಬ್ಬೆಟ್ಟು ಒತ್ತಿ ಹೊಲಕ್ಕೆ ಹೋಗುವುದು, ಬರೆಯಬಲ್ಲವರು ನಿಧಾನವಾಗಿ ಮೇಲೆ ಬರೆಯುವುದು. ಬರೆಯುವವನನ್ನು ಓದಿ ತೋರಿಸು ಎಂದು ಕೇಳುವುದೆಂದರೆ ಅವನ ಮೇಲೆ ಸಂಶಯ ಪಟ್ಟಂತೆ. ಕಾಲೇಜಿಗೆ ಬಂದಿದ್ದರೂ ಆ ಮೂವತ್ತೊಂದು ಜನರ ತಲೆಯೊಳಗೆ ಕುಲಕರ್ಣಿಯರ ಕಟ್ಟೆಯೇ ಇತ್ತು. ಸಂಜೆಯ ಬಸ್ಸಿನಲ್ಲಿ ಮಾಶಾಕ ಮೊದಲು ತಾನು ಸಹಿ ಮಾಡಿದ. ಆಮೇಲೆ ಗೆಳೆಯ ಕಳಕಪ್ಪ, ಆಮೇಲೆ ಸೀಟಿನಿಂದ ಸೀಟಿಗೆ ಹಾಳೆ ಸಾಗಿತು. ರಸ್ತೆಯ ಕುಣಿಗಳಿಗೆ ಸಹಿಗಳೆಲ್ಲ ಸೊಟ್ಟಸೊಟ್ಟಾದವು. ತಾರಾಬಾಯಿ ಬಸ್ಸು ನಿಲ್ಲುವ ತನಕ ಕಾದು, ನಿಂತಮೇಲೆ ನೆಟ್ಟಗೆ ಸಹಿ ಮಾಡಿ ಏನೂ ಕೇಳದೆ ಹಾಳೆಯನ್ನು ಹಿಂದಕ್ಕೆ ಕೊಟ್ಟಳು.

ದೀಪಾವಳಿ ರಜೆ ಮುಗಿಸಿ ಬಂದ ದಿನ ಕಾಲೇಜಿನ ಫಲಕದ ಮೇಲೆ ನೋಟೀಸು ಇತ್ತು. ಇನ್ನು ಮುಂದೆ ಕಾಲೇಜು ಮುಂಜಾನೆ ಏಳೂವರೆಗೆ ಸುರುವಾಗಿ ಹನ್ನೊಂದೂವರೆಗೆ ಮುಗಿಯುತ್ತದೆ. ಬಸ್ಸಿನವರು ಅದನ್ನು ಓದಿ ಒಬ್ಬರ ಮುಖ ಒಬ್ಬರು ನೋಡಿದರು. ಅವರ ಬಸ್ಸು ಬರುವ ಹೊತ್ತಿಗೆ ನಾಲ್ಕು ತಾಸಿನಲ್ಲಿ ಮೂರು ಮುಗಿದಿರುತ್ತವೆ. ಅದಕ್ಕೂ ಮೊದಲಿನ ಬಸ್ಸು ಇದ್ದಿಲ್ಲ. ಮಾಶಾಕ ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಹೀಗೆ ಮಾಡಿದರೆ ನಾವೆಲ್ಲ ಸತ್ತೆವು ಎಂದು ಹೇಳಿದ. ಪ್ರಿನ್ಸಿಪಾಲರು ಕೆಟ್ಟವರಲ್ಲ, ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ನೀವೇ ಕೇಳಿದ್ದಲ್ಲವೇ ಎಂದು ಕಡತದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರವಿದರು.

ಅದೇ ಹಾಳೆ. ಮೇಲರ್ಧದಲ್ಲಿ ಚೊಕ್ಕ ಇಂಗ್ಲೀಷಿನಲ್ಲಿ ಬರೆದಿತ್ತು: ಹೊರಹಳ್ಳಿಗಳಿಂದ ಬರುವ ನಾವು ಮಧ್ಯಾಹ್ನದ ಮೇಲೆ ಮನೆಯ ಕೆಲಸಕ್ಕೆ ನೆರವಾಗಬೇಕಾದ್ದರಿಂದ ಕಾಲೇಜು ಮುಂಜಾನೆಯೇ ನಡೆಯಲಿ ಎಂದು ವಿನಂತಿಸುತ್ತೇವೆ. ಕೆಳಗೆ ಮೂವತ್ತೊಂದು ಸಹಿಗಳು, ಎಲ್ಲಕ್ಕೂ ಮೊದಲು ಅವನದೇ. ಪಕ್ಕದಲ್ಲಿ ಕೌನ್ಸಿಲ್ಲಿನ ಒಪ್ಪಿಗೆಯ ಮುದ್ರೆ. ಮಾಶಾಕ ಆ ಮೇಲಿನ ಸಾಲುಗಳನ್ನು ಇನ್ನೊಮ್ಮೆ ಓದಿದ. ತನ್ನ ಸಹಿ ತನ್ನದಲ್ಲ ಎಂದು ಹೇಳುವುದಾದರೂ ಹೇಗೆ? ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದು ಕಣ್ಣು ತುಂಬಿದವು.

ಯೂನಿಯನ್ನಿನ ಕೋಣೆಯಲ್ಲಿ ಈಶಪ್ಪ ಒಬ್ಬನೇ ಇದ್ದ. ಈಗ ಅವನು ಬಸ್ಸಿನಲ್ಲಿ ಬರುತ್ತಿರಲಿಲ್ಲ. ಪೇಟೆಯ ಪ್ರತಿನಿಧಿಯೊಬ್ಬನ ಮನೆಯ ಮಹಡಿಯಲ್ಲಿ ಇರಲು ಜಾಗ ಸಿಕ್ಕಿತ್ತು. ಸುಳ್ಳು ಹೇಳಿ ತಪ್ಪಿಸಿಕೊಳ್ಳುವ ಗೋಜಿಗೆ ಅವನು ಹೋಗಲಿಲ್ಲ, ಅದೊಂದು ಗುಣ ಅವನಲ್ಲಿತ್ತು. ಪೇಟೆಯ ಹುಡುಗರಿಗೆ ಮಧ್ಯಾಹ್ನ ಅಪ್ಪಂದಿರ ಅಂಗಡಿಯಲ್ಲಿ ಕೂಡಬೇಕು, ಮುಂಜಾನೆಯ ಕಾಲೇಜು ಬೇಕು. ಬಸ್ಸಿನವರು ಬೇಡ ಅಂದಾರು ಎಂದು ಎರಡು ವರ್ಷ ಅದು ನಿಂತಿತ್ತು. ಬಸ್ಸಿನವರೇ ಕೇಳಿದಂತೆ ಮಾಡಿಕೊಟ್ಟರೆ ಕೌನ್ಸಿಲ್ಲಿಗೆ ನಿನ್ನನ್ನೇ ಕಳಿಸುತ್ತೇವೆ ಎಂದು ಅವರು ಹೇಳಿದ್ದರು, ಇವನು ಮಾಡಿಕೊಟ್ಟಿದ್ದ. ಕೌನ್ಸಿಲ್ಲಿನಲ್ಲಿ ಕರ್ನಾಟಕದ ಏಕೀಕರಣದ ಠರಾವು ಮಂಡಿಸಿದ್ದು ತಾನೇ, ಅದು ಪೇಪರಿನಲ್ಲಿ ಬಂದಿದೆ ಎಂದು ಕತ್ತರಿಸಿಟ್ಟ ತುಣುಕನ್ನೂ ತೋರಿಸಿದ.

"ನಾಡು ಒಂದಾಗೂ ವ್ಯಾಳ್ಯಾದಾಗ ನೀ ಬಸ್ಸಿನ ಟೈಮ್ ಹಿಡಕೊಂಡು ಕುಂತೀಯಲ್ಲೋ ಮಾಶಾಕ," ಎಂದ. "ನಾ ಬಸ್ಸಿನ ಪ್ರತಿನಿಧಿ ಅಲ್ಲ, ಕಾಲೇಜಿನ ಪ್ರತಿನಿಧಿ."

"ನಿನ್ನ ಆರಿಸಿದವರು ಯಾರಲೇ?"

"ನೀವು ವರ್ಗದ ಮಟ್ಟಿಗೆ ಆರಿಸಿದ್ರಿ. ಧಾರವಾಡಕ್ಕ ಕಳಿಸಿದವರು ಬ್ಯಾರೆ."

ಇಷ್ಟು ನಿಚ್ಚಳವಾಗಿ ಹೇಳಿದ ಮೇಲೆ ಜಗಳಕ್ಕೂ ಏನೂ ಉಳಿಯಲಿಲ್ಲ. ಒಂದೇ ಓಣಿಯಲ್ಲಿ ಚಿಣ್ಣಿದಾಂಡು ಆಡಿದವನು, ತನ್ನ ತಾಯಿಯ ಕೈಯ ರೊಟ್ಟಿ ತಿಂದವನು ಹೀಗೆ ಮಾಡಿದನಲ್ಲ! ಹೊರಗಿನವನು ಕೊರಳು ಕೊಯ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆದರೂ ಮಾಶಾಕ ಕೈಕಟ್ಟಿ ಕೂರಲಿಲ್ಲ. ನಡೆದದ್ದನ್ನೆಲ್ಲ ಬರೆದು ತಾನೊಬ್ಬನೇ ಸಹಿ ಮಾಡಿ ಕೌನ್ಸಿಲ್ಲಿಗೆ ಟಪಾಲು ಹಾಕಿದ. ಮೂರು ವಾರಕ್ಕೆ ಉತ್ತರ ಬಂತು. ಕಾಲೇಜಿನ ಅಹವಾಲುಗಳು ಆ ಕಾಲೇಜಿನ ಪ್ರತಿನಿಧಿಯ ಮೂಲಕವೇ ಬರತಕ್ಕದ್ದು, ಆದ್ದರಿಂದ ತಮ್ಮ ಪತ್ರವನ್ನು ತಮ್ಮ ಪ್ರತಿನಿಧಿಗೆ ಕಳಿಸಿದೆ ಎಂದು ಅದರಲ್ಲಿ ಇತ್ತು. ಕಳ್ಳನ ಮೇಲಿನ ದೂರನ್ನು ಕಳ್ಳನ ಕೈಗೇ ಕೊಟ್ಟರು. ಪ್ರಿನ್ಸಿಪಾಲರು ಮಾತ್ರ, ಬಸ್ಸಿನವರೆಲ್ಲ ಸೇರಿ ಮತ್ತೊಂದು ಅರ್ಜಿ ಕೊಟ್ಟರೆ ನೋಡೋಣ ಎಂದಿದ್ದರು. ಮಾಶಾಕ ಈ ಸಲ ಅರ್ಜಿಯನ್ನು ಪೂರಾ ಕನ್ನಡದಲ್ಲಿ ಬರೆದು, ಬಸ್ಸಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದ. ಓದಿ ಮುಗಿಸಿ ಹಾಳೆಯನ್ನು ಕಳಕಪ್ಪನ ಮುಂದೆ ಹಿಡಿದ. ಕಳಕಪ್ಪ ಕೈ ಚಾಚಲಿಲ್ಲ.

"ಒಮ್ಮೆ ಮಾಡಿದ್ದು ಸಾಕಾಗೈತಿ," ಎಂದ ಕಳಕಪ್ಪ. "ಪೇಟೆಯವರು ನಿನಗೇನು ಕೊಟ್ರು ಹೇಳು ಮೊದ್ಲ."

ಬಸ್ಸಿನಲ್ಲಿ ಯಾರೂ ಕಳಕಪ್ಪನ ಮಾತನ್ನು ತಡೆಯಲಿಲ್ಲ. ಮಾಶಾಕ ಸೀಟಿನಿಂದ ಸೀಟಿಗೆ ಹೋದ, ಒಬ್ಬೊಬ್ಬರೂ ಕಿಟಕಿಯ ಕಡೆ ಮುಖ ತಿರುಗಿಸಿದರು. ಮೂರು ತಿಂಗಳ ಹಿಂದೆ ಅವನ ಕೈಯಿಂದ ಚುರಮುರಿ ತಿಂದವರೇ ಇವರು. ತಾರಾಬಾಯಿಯ ಸೀಟಿನ ತನಕ ಹೋಗುವ ಧೈರ್ಯ ಅವನಿಗೆ ಆಗಲಿಲ್ಲ. ಡೋಣಿ ಬಂದಾಗ ಸಹಿ ಇಲ್ಲದ ಅರ್ಜಿಯನ್ನು ಮಡಚಿಕೊಂಡು ಇಳಿದುಬಿಟ್ಟ.

ಆಮೇಲೆ ಕೆಲವರು ಹೇಗೋ ಮಾಡಿ ಬೆಟಗೇರಿಯ ನೆಂಟರ ಮನೆಯಲ್ಲಿ ಉಳಿದು ಟರ್ಮ್ ಉಳಿಸಿಕೊಂಡರು. ಫೆಬ್ರುವರಿಯಲ್ಲಿ ಪರೀಕ್ಷೆಗೆ ಕೂಡುವವರ ಪಟ್ಟಿ ಬಂದಾಗ ಬಸ್ಸಿನವರ ಹತ್ತೊಂಬತ್ತು ಹೆಸರುಗಳು ಅದರಲ್ಲಿ ಇದ್ದಿಲ್ಲ. ಹೊರಗುಳಿದವರಲ್ಲಿ ಮಾಶಾಕನೂ ಇದ್ದ, ತಾರಾಬಾಯಿಯೂ ಇದ್ದಳು. ಕರೀಮಸಾಬ ಬೈಯಲಿಲ್ಲ. ಮರುದಿನ ಮುಂಜಾನೆ ಎರಡನೆಯ ಬಿಲ್ಲನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಮಗನ ಹಾಸಿಗೆಯ ಪಕ್ಕಕ್ಕೆ ಇಟ್ಟು ತಾನೊಬ್ಬನೇ ಊರಾಡಲು ಹೊರಟ. ಮಾಶಾಕ ಎದ್ದು ಅದನ್ನು ನೋಡಿ ಬಹಳ ಹೊತ್ತು ಅತ್ತ.

ತಾರಾಬಾಯಿಯನ್ನು ಲಕ್ಷ್ಮೇಶ್ವರದ ಕಡೆ ಕೊಡುತ್ತಾರಂತೆ, ಮಾತು ಮುಗಿದಿದೆಯಂತೆ ಎಂಬ ಖಬರು ಮಾರ್ಚಿನಲ್ಲಿ ಡೋಣಿಗೂ ಬಂತು. ಮಾಶಾಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಊರೆಲ್ಲ ಏನಾದರೂ ಅನ್ನಲಿ, ಆಕೆಗೊಬ್ಬಳಿಗಾದರೂ ಖರೆ ಏನೆಂಬುದು ತಿಳಿಯಬೇಕು ಅನ್ನಿಸಿತು. ಹನ್ನೆರಡರ ಬಿಸಿಲಲ್ಲಿ ಮುಂಡರಗಿಗೆ ಹೋಗಿ ಆಚಾರ್ಯರ ಮನೆಯ ಮುಂದೆ ನಿಂತ. ನರಸಿಂಹಾಚಾರ್ಯರು ಕಟ್ಟೆಯ ಮೇಲೆ ಕೂಡಿಸಿ, ಬೆಲ್ಲ ನೀರು ತರಿಸಿದರು. ತಾರಾಬಾಯಿ ಹೊಸ್ತಿಲ ಒಳಗೆ ನಿಂತಳು.

ಮಾಶಾಕ ಏನನ್ನೂ ಬಿಡದೆ ಹೇಳಿದ. ಖಾಲಿ ಹಾಳೆ, ಈಶಪ್ಪನ ಮಾತು, ಪೇಟೆಯವರ ಒಪ್ಪಂದ, ಕೌನ್ಸಿಲ್ಲಿನ ಉತ್ತರ, ಬಸ್ಸಿನಲ್ಲಿ ಓದಿದ ಎರಡನೆಯ ಅರ್ಜಿ. ತಾನು ಒಂದು ಬಿಡಿಕಾಸನ್ನೂ ಮುಟ್ಟಿಲ್ಲ ಎಂದು ಎರಡು ಸಲ ಹೇಳಿದ. ಆಚಾರ್ಯರು ನೆಲ ನೋಡುತ್ತ ಕೇಳಿದರು. ಹೇಳಿ ಮುಗಿದ ಮೇಲೆ ಅವನು ಕಾದ. ಅವಳು ಈಶಪ್ಪನನ್ನು ಒಂದು ಮಾತು ಬೈದರೆ ಸಾಕಿತ್ತು. ಇಬ್ಬರೂ ಒಬ್ಬನಿಂದಲೇ ಮೋಸ ಹೋದವರು ಎಂದು ಅವಳು ಒಪ್ಪಿಕೊಂಡರೆ ಸಾಕಿತ್ತು.

ತಾರಾಬಾಯಿಯ ಮುಖದಲ್ಲಿ ಸಿಟ್ಟು ಇದ್ದಿಲ್ಲ. ಮೆಲ್ಲಗೆ ಹೇಳಿದಳು.

"ಈಶಪ್ಪ ಅನ್ನೋವ್ರನ್ನ ನಾ ಒಮ್ಮೆನೂ ಮಾತಾಡ್ಸಿಲ್ರಿ. ನಾ ಸಹಿ ಕೊಟ್ಟಿದ್ದು ನಿಮಗ."